ಮೊದಲು ಬ್ಲಾಕ್ ಮಾಡಬೇಡಿ: ಡೇಟಿಂಗ್ ವಂಚನೆಯನ್ನು ಗುರುತಿಸಲು, ಎದುರಿಸಲು ಸರಿಯಾದ ಕ್ರಮ

ಡೇಟಿಂಗ್ ಆ್ಯಪ್‌ನಲ್ಲಿ ಮೋಸ ಹೋದವರ ಮಾತು ಕೇಳಿದಾಗಲೆಲ್ಲ ಎರಡು ಮಾತು ಬಂದೇ ಬರುತ್ತವೆ. ಒಂದು: "ಫೋಟೊ ಹುಡುಕಿ ನೋಡಿದ್ದೆ, ಎಲ್ಲೂ ಸಿಗಲಿಲ್ಲ, ಅದಕ್ಕೇ ನಂಬಿದೆ." ಇನ್ನೊಂದು: "ಗೊತ್ತಾದ ಕೂಡಲೇ ಬಾಯಿಗೆ ಬಂದಂತೆ ಬೈದು, ಬ್ಲಾಕ್ ಮಾಡಿ, ಚಾಟ್ ಪೂರ್ತಿ ಅಳಿಸಿಹಾಕಿದೆ." ಮೊದಲನೆಯವರು ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಎರಡನೆಯವರು ಕೊನೆಗೆ ಮಾಡಬೇಕಾದ್ದನ್ನು ಮೊದಲೇ ಮಾಡಿ ಮುಗಿಸಿದರು. ಬ್ಯಾಂಕಿನವರು "ಯಾರಿಗೆ ಕಳಿಸಿದಿರಿ, ಏನು ಹೇಳಿ ಕಳಿಸಿಕೊಂಡರು" ಎಂದು ಕೇಳಿದಾಗ ತೋರಿಸಲು ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಆದ್ದರಿಂದ ಇಲ್ಲಿರುವುದು ಹೆಚ್ಚಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ವಿಚಾರ. ಈಗಷ್ಟೇ ಹಣ ಕಳಿಸಿ ಎದೆ ಹೊಡೆದುಕೊಳ್ಳುತ್ತಿದ್ದರೆ ನೇರವಾಗಿ 6ನೇ ಹಂತಕ್ಕೆ ಹೋಗಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

## ಕೈಯಲ್ಲಿ ಇರಬೇಕಾದ್ದು

ದೊಡ್ಡ ಸಲಕರಣೆ ಏನೂ ಬೇಡ. ಒಂದು ನೋಟ್‌ಬುಕ್ (ಫೋನಿನಲ್ಲಲ್ಲ, ಕಾಗದದ್ದೇ), ಸ್ಕ್ರೀನ್‌ಶಾಟ್ ಇಡಲು ಒಂದು ಪ್ರತ್ಯೇಕ ಫೋಲ್ಡರ್, ಫೋಟೊ ಹುಡುಕಲು ಗೂಗಲ್ ಲೆನ್ಸ್, ಟಿನ್‌ಐ ಮತ್ತು ಯಾಂಡೆಕ್ಸ್, ಜಾಲತಾಣದ ವಯಸ್ಸು ನೋಡಲು ಐಕ್ಯಾನ್ ಲುಕಪ್. ಇವಿಷ್ಟೂ ಪುಕ್ಕಟೆ. ಜೊತೆಗೆ ನಡೆಯುತ್ತಿರುವುದೆಲ್ಲ ಗೊತ್ತಿರುವ ಒಬ್ಬ ಸ್ನೇಹಿತ ಅಥವಾ ಮನೆಯವರು ಬೇಕು. ಇದು ಸಿಗುವುದೇ ಕಷ್ಟ, ಏಕೆಂದರೆ "ನಮ್ಮ ವಿಷಯ ಸದ್ಯಕ್ಕೆ ಯಾರಿಗೂ ಹೇಳಬೇಡ" ಎಂಬ ಮಾತನ್ನು ಎದುರಿನವರು ಆಗಲೇ ಹೇಳಿರುತ್ತಾರೆ. ಹೇಳಿದ್ದರೆ ಅದನ್ನೇ ನೋಟ್‌ಬುಕ್ಕಿನ ಮೊದಲ ಸಾಲಾಗಿ ಬರೆದುಕೊಳ್ಳಿ.

## ಹಂತ 1: ಆ್ಯಪ್ ಬಿಡುವ ಮುಂಚೆ ಪ್ರೊಫೈಲ್ ಉಳಿಸಿಕೊಳ್ಳಿ

ಪರಿಚಯವಾಗಿ ಒಂದೆರಡು ದಿನಕ್ಕೇ "ಇಲ್ಲಿಗೆ ನಾನು ಹೆಚ್ಚು ಬರಲ್ಲ, ವಾಟ್ಸ್‌ಆ್ಯಪ್‌ಗೆ ಬಾ" ಅಥವಾ "ಟೆಲಿಗ್ರಾಮ್‌ನಲ್ಲಿ ಸಿಗು" ಎನ್ನುವುದು ಮಾಮೂಲು. ಅದೊಂದರಿಂದಲೇ ವಂಚನೆ ಎನ್ನಲಾಗದು. ಪ್ರಾಮಾಣಿಕರೂ ಹಾಗೆ ಕರೆಯುತ್ತಾರೆ. ಆದರೆ ವಂಚಕರಿಗೆ ಅವಸರ ಇರಲು ಕಾರಣ ಬೇರೆ. ಆ್ಯಪ್‌ನಲ್ಲಿ ದೂರು ಬಂದರೆ ಖಾತೆ ಹೋಗುತ್ತದೆ, ಹೊರಗೆ ಹೇಳುವವರು ಕೇಳುವವರು ಇಲ್ಲ.

ಎದುರಿನವರು ಅನ್‌ಮ್ಯಾಚ್ ಮಾಡಿದರೆ, ಅಂದರೆ ಆ್ಯಪ್‌ನಲ್ಲಿ ನಿಮ್ಮ ಸಂಪರ್ಕ ಕಡಿದುಕೊಂಡರೆ, ಬಹುಪಾಲು ಡೇಟಿಂಗ್ ಆ್ಯಪ್‌ಗಳಲ್ಲಿ ನಿಮ್ಮ ಕಡೆಯ ಚಾಟ್ ಕೂಡ ಮಾಯವಾಗುತ್ತದೆ. ಟೆಲಿಗ್ರಾಮ್‌ನಲ್ಲಂತೂ ಇಬ್ಬರ ನಡುವಿನ ಮಾತನ್ನು ಅವರಿಬ್ಬರಲ್ಲಿ ಯಾರು ಬೇಕಾದರೂ, ಯಾವಾಗ ಬೇಕಾದರೂ ಎರಡೂ ಕಡೆ ಅಳಿಸಬಹುದು. ಹಾಗಾಗಿ ಹೊರಗೆ ಹೋಗುವ ಮುಂಚೆಯೇ ಪ್ರೊಫೈಲಿನ ಎಲ್ಲ ಫೋಟೊ, ಹೆಸರು, ವಯಸ್ಸು, ಊರು, ಪರಿಚಯದ ಸಾಲುಗಳು, ಮೊದಲ ಮಾತುಕತೆ ಇವುಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಎಲ್ಲರ ಪ್ರೊಫೈಲೂ ಹೀಗೆ ತೆಗೆದಿಡುವುದು ವಿಚಿತ್ರ ಎನಿಸಬಹುದು. ಬೇಡವಾದರೆ ಆಮೇಲೆ ಅಳಿಸಬಹುದು. ಕಳೆದದ್ದನ್ನು ಮರಳಿ ತರಲಾಗದು.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು ಸಾಕು: ದಿನಾಂಕ, ಅವರು ತಮ್ಮ ಬಗ್ಗೆ ಹೇಳಿದ ಹೊಸ ವಿಷಯ, ಕೇಳಿದ್ದು ಏನಾದರೂ ಇದ್ದರೆ ಅದು. ಮೂರು ವಾರದ ಸಾಲುಗಳನ್ನು ಒಟ್ಟಿಗೆ ಓದಿದಾಗ ಕಾಣುವುದು ದಿನದಿನದ ಮಾತಿನಲ್ಲಿ ಕಾಣುವುದಿಲ್ಲ. ತೀರಿಹೋದ ಹೆಂಡತಿಯ ಹೆಸರು ಬದಲಾಗಿರುತ್ತದೆ, ಒಬ್ಬಳೇ ಮಗಳು ಇಬ್ಬರಾಗಿರುತ್ತಾರೆ. ಒಂದೇ ಖಾತೆಯನ್ನು ಪಾಳಿ ಮೇಲೆ ಹಲವರು ನಡೆಸುವಾಗ ಇಂಥ ಎಡವಟ್ಟು ಸಹಜ.

## ಹಂತ 2: ಫೋಟೊ ಹುಡುಕಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ

ಒಂದೇ ಫೋಟೊ, ಒಂದೇ ಸರ್ಚ್ ಸಾಲದು. ಪ್ರೊಫೈಲಿನ ಪ್ರತಿ ಚಿತ್ರವನ್ನೂ ಮೂರೂ ಕಡೆ ಹಾಕಿ ನೋಡಿ. ಟಿನ್‌ಐ ಅದೇ ಚಿತ್ರದ ಪ್ರತಿಗಳನ್ನು ಹುಡುಕುತ್ತದೆ, ಹಳೆಯದು ಯಾವುದು ಎಂದೂ ತೋರಿಸುತ್ತದೆ. ಯಾಂಡೆಕ್ಸ್ ಮುಖದ ಹೋಲಿಕೆಯಲ್ಲಿ ಚುರುಕು. ಲೆನ್ಸ್ ಹಿನ್ನೆಲೆಯ ಕಟ್ಟಡ, ನಾಮಫಲಕ ಹಿಡಿಯುವುದರಲ್ಲಿ ವಾಸಿ.

ಏನೂ ಸಿಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೊಮ್ಮೆ ಹುಡುಕಿ. ಹುಡುಕಾಟ ತಪ್ಪಿಸಲು ವಂಚಕರು ಮಾಡುವ ಹಳೇ ಉಪಾಯ ಅದು. ಆಮೇಲೆ ಮುಖ ಬಿಟ್ಟು ಹಿನ್ನೆಲೆ ಮಾತ್ರ ಕತ್ತರಿಸಿ ನೋಡಿ.

ಎಲ್ಲರೂ ಎಡವುವುದು ಫಲಿತಾಂಶ ಓದುವಾಗ. ಅದೇ ಚಿತ್ರ ಬೇರೆ ಹೆಸರಿನಲ್ಲಿ ಸಿಕ್ಕರೆ ಅದು ಬಹುಮಟ್ಟಿಗೆ ಕದ್ದ ಫೋಟೊ. ಸಿಗದಿದ್ದರೆ "ಏನೂ ಗೊತ್ತಾಗಲಿಲ್ಲ" ಎಂದಷ್ಟೇ ಅರ್ಥ, "ನಿಜವಾದ ವ್ಯಕ್ತಿ" ಎಂದಲ್ಲ. ಖಾಸಗಿ ಖಾತೆಯಿಂದ ಕದ್ದದ್ದು ಸರ್ಚ್‌ಗೆ ಸಿಗದು. ಎಐ ಹುಟ್ಟಿಸಿದ ಮುಖಕ್ಕೆ ಮೂಲವೇ ಇರುವುದಿಲ್ಲ.

## ಹಂತ 3: ವಿಡಿಯೊ ಕಾಲ್, ಮುನ್ಸೂಚನೆ ಇಲ್ಲದೆ

ಕ್ಯಾಮೆರಾ ಕೆಟ್ಟಿದೆ, ಇಲ್ಲಿ ನೆಟ್‌ವರ್ಕ್ ಇಲ್ಲ, ನಮ್ಮ ಕೆಲಸದಲ್ಲಿ ವಿಡಿಯೊಗೆ ಅನುಮತಿ ಇಲ್ಲ. ಇಂಥ ನೆಪ ಒಂದು ಸಲ ಬಂದರೆ ಸುಮ್ಮನಿರಬಹುದು. ಮೂರು ಸಲ ಬಂದರೆ ಬರೆದುಕೊಳ್ಳಿ.

ಕಾಲ್‌ಗೆ ಬಂದರು ಎಂದಮಾತ್ರಕ್ಕೆ ನಿರಾಳವಾಗಬೇಡಿ. ಮೊದಲೇ ತೆಗೆದ ವಿಡಿಯೊವನ್ನು ಹತ್ತಿಪ್ಪತ್ತು ಸೆಕೆಂಡ್ ಓಡಿಸಿ, "ಅಯ್ಯೋ, ಧ್ವನಿ ಕೇಳ್ತಿಲ್ಲ" ಎಂದು ಕಡಿದುಬಿಡುವುದು ಹಳೆಯ ಆಟ. ಈಗ ಡೀಪ್‌ಫೇಕ್, ಅಂದರೆ ಎಐ ಕೂರಿಸುವ ನಕಲಿ ಮುಖ, ಸೇರಿಕೊಂಡಿದೆ. 2024ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್ ಪೊಲೀಸರು 27 ಜನರ ತಂಡವೊಂದನ್ನು ಹಿಡಿದರು. ವಿಡಿಯೊ ಕಾಲ್‌ನಲ್ಲೇ ಮುಖ ಬದಲಿಸಿಕೊಂಡು ಪ್ರೀತಿಯ ನಾಟಕ ಆಡಿದ್ದರು ಎಂಬುದು ಅವರ ಮೇಲಿನ ಆರೋಪ.

ಹೊತ್ತು ಗೊತ್ತು ಮಾಡದೆ ನೀವೇ ಕರೆ ಮಾಡಿ. ಮಾತಿನ ನಡುವೆ ಪೂರ್ತಿ ಪಕ್ಕಕ್ಕೆ ತಿರುಗಲು, ಮುಖದ ಮುಂದೆ ಕೈ ಆಡಿಸಲು, ಎದ್ದು ಹೋಗಿ ಕಿಟಕಿ ತೋರಿಸಲು ಹೇಳಿ. ನಕಲಿ ಮುಖದ ಅಂಚು ಇಂಥ ಕಡೆ ಕದಡುತ್ತದೆ, ಕೆನ್ನೆ ಕಿವಿ ಸೇರುವಲ್ಲಿ ಚಿತ್ರ ಅಲುಗುತ್ತದೆ. ಆದರೆ ತಂತ್ರಜ್ಞಾನ ದಿನದಿನಕ್ಕೆ ಸುಧಾರಿಸುತ್ತಿರುವುದರಿಂದ ಈ ಪರೀಕ್ಷೆಯಲ್ಲಿ ಪಾಸಾದವರನ್ನೂ ನಾನು ಪೂರ್ತಿ ನಂಬುವುದಿಲ್ಲ. ಹಣದ ಮಾತು ಬಂದವರ ವಿಷಯದಲ್ಲಂತೂ, ಜನಸಂದಣಿ ಇರುವ ಜಾಗದಲ್ಲಿ ಎದುರಾಎದುರು ಕೂತು ಮಾತಾಡುವ ತನಕ ಯಾವುದೂ ರುಜುವಾತಲ್ಲ.

## ಹಂತ 4: ಕಥೆಯನ್ನು ಅವರ ಹೊರಗೆ ಪರಿಶೀಲಿಸಿ

ಅನುಮಾನ ಬಂದವರು ಮಾಡುವ ದೊಡ್ಡ ತಪ್ಪು ಎಂದರೆ ಆ ವ್ಯಕ್ತಿಯನ್ನೇ "ನೀನು ನಿಜ ತಾನೆ?" ಎಂದು ಕೇಳುವುದು. ಗಂಟೆಯೊಳಗೆ ಪಾಸ್‌ಪೋರ್ಟ್ ಚಿತ್ರ, ಕಂಪನಿಯ ಗುರುತಿನ ಚೀಟಿ, ವಿಮಾನದ ಟಿಕೆಟ್ ಎಲ್ಲ ಬರುತ್ತದೆ, ಜೊತೆಗೆ "ನನ್ನ ಮೇಲೆ ನಂಬಿಕೆಯೇ ಇಲ್ಲವಾ" ಎಂಬ ಅಳು. ಅವೆಲ್ಲ ಕೇಳಿದ ತಕ್ಷಣ ತಯಾರಿಸಿ ಕೊಡುವ ಕಾಗದಗಳು. ಅವರು ಕೊಟ್ಟ ಫೋನ್ ನಂಬರಿಗೆ ಕರೆ ಮಾಡಿ ಅವರ "ಕಚೇರಿ"ಯನ್ನು ವಿಚಾರಿಸುವುದೂ ಅಷ್ಟೇ ವ್ಯರ್ಥ. ಸಂಸ್ಥೆಯ ನಂಬರನ್ನು ನೀವೇ ಹುಡುಕಿ ವಿಚಾರಿಸಿ.

ಹೇಳಿಕೊಳ್ಳುವ ವೃತ್ತಿಯನ್ನೂ ಗಮನಿಸಿ. ವಿದೇಶದಲ್ಲಿರುವ ಸೈನಿಕ, ನಡುಗಡಲಿನ ತೈಲ ಸ್ಥಾವರದ ಎಂಜಿನಿಯರ್, ಹಡಗಿನ ಕ್ಯಾಪ್ಟನ್, ಯುದ್ಧಪೀಡಿತ ನಾಡಿನ ಡಾಕ್ಟರ್: ಈ ಪಾತ್ರಗಳು ಮತ್ತೆ ಮತ್ತೆ ಬರುವುದಕ್ಕೆ ಕಾರಣ ಸರಳ. ಭೇಟಿಯಾಗಲಾಗದು, ಕರೆ ಆಗಾಗ ಕಡಿಯುತ್ತದೆ, ಸಂಬಳ ಇದ್ದರೂ ಕೈಗೆ ಸಿಗದು ಎನ್ನುವುದಕ್ಕೆಲ್ಲ ಒಂದೇ ವೃತ್ತಿಯಲ್ಲಿ ಸಮಜಾಯಿಷಿ ಸಿಗುತ್ತದೆ. ರಜೆ ಮಂಜೂರು ಮಾಡಿಸಲು, ಊಟಕ್ಕೆ, ಚಿಕಿತ್ಸೆಗೆ ಸೈನಿಕರ ಪ್ರಿಯಕರರಿಂದ ಹಣ ವಸೂಲು ಮಾಡುವ ಪದ್ಧತಿ ತನ್ನಲ್ಲಿ ಇಲ್ಲವೆಂದು ಅಮೆರಿಕದ ಸೇನೆಯೇ ಎಷ್ಟೋ ಸಲ ಎಚ್ಚರಿಕೆ ಕೊಟ್ಟಿದೆ.

## ಹಂತ 5: ಕೇಳುತ್ತಿರುವುದು ಏನು, ನೋಡಿ

ಇದುವರೆಗಿನ ಪರೀಕ್ಷೆಗಳೆಲ್ಲ ಸುಳಿವುಗಳು. ತೀರ್ಮಾನ ಆಗುವುದು ಇಲ್ಲಿ. ಎದುರಿಗಿರುವವರು ಯಾರು ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಏನು ಕೇಳುತ್ತಿದ್ದಾರೆ ಎಂದು ನೋಡುವುದು ಸುಲಭ, ನಿಖರ ಕೂಡ.

ನೇರ ಕೇಳಿಕೆ. ಅಪಘಾತ, ಆಸ್ಪತ್ರೆ, ಜೈಲು, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದ ಪಾರ್ಸೆಲ್. ಅಮೆರಿಕದ ಗ್ರಾಹಕ ಸಂರಕ್ಷಣಾ ಸಂಸ್ಥೆಯಾದ ಎಫ್‌ಟಿಸಿ 2022ರ ದೂರುಗಳಲ್ಲಿ ವಂಚಕರು ಹೇಳಿದ ಸುಳ್ಳುಗಳನ್ನು ವಿಂಗಡಿಸಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು "ನನಗೋ ನನ್ನವರಿಗೋ ಕಾಯಿಲೆ, ಪೆಟ್ಟು ಅಥವಾ ಜೈಲು" ಎಂಬ ಕಥೆ: ನೂರಕ್ಕೆ 24. ಮೊದಲು ಚಿಕ್ಕ ಮೊತ್ತ, ಅದನ್ನು ಹೇಳಿದ ದಿನವೇ ವಾಪಸ್ ಕೊಟ್ಟರೂ ಕೊಡಬಹುದು. ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಹಣ ಕೇಳುವ ದಾರಿಯನ್ನೂ ನೋಡಿ. ಗಿಫ್ಟ್ ಕಾರ್ಡ್ ನಂಬರ್, ಕ್ರಿಪ್ಟೊ, ಗುರುತಿಲ್ಲದ ಮೂರನೆಯವರ ಖಾತೆ, ಈ ಮೂರರಲ್ಲಿ ಯಾವುದೇ ಬಂದರೂ ಚರ್ಚೆಗೆ ಜಾಗವಿಲ್ಲ.

ಹೂಡಿಕೆಯ ಬಲೆ. ಇಲ್ಲಿ ಜಾಣರೂ ಬೀಳುತ್ತಾರೆ, ಏಕೆಂದರೆ ಇಲ್ಲಿ ಯಾರೂ ಹಣ ಕೇಳುವುದೇ ಇಲ್ಲ. ವಾರಗಟ್ಟಲೆ ಹರಟೆ, "ಊಟ ಆಯ್ತಾ" ಎಂಬ ಕಾಳಜಿ. ನಡುನಡುವೆ ತನ್ನ ಟ್ರೇಡಿಂಗ್ ಲಾಭದ ಒಂದು ಸ್ಕ್ರೀನ್‌ಶಾಟ್, ಅದೂ ಕೈತಪ್ಪಿ ಬಂದಂತೆ. ಕುತೂಹಲ ಪಟ್ಟು ಕೇಳುವವರು ನೀವೇ. ಕಲಿಸಿಕೊಡುತ್ತಾರೆ. ಹಣ ನಿಮ್ಮ ಖಾತೆಯಿಂದ, ನಿಮ್ಮ ಕೈಯಿಂದಲೇ, ಅವರು ತೋರಿಸಿದ ಪ್ಲಾಟ್‌ಫಾರ್ಮಿಗೆ ಹೋಗುತ್ತದೆ. ಪರದೆಯ ಮೇಲೆ ಲಾಭ ಏರುತ್ತದೆ. ಪರೀಕ್ಷೆಗೆಂದು ಸ್ವಲ್ಪ ಹಿಂತೆಗೆದರೆ ಬಂದೂಬಿಡುತ್ತದೆ! ಆಗ ಜನ ಉಳಿತಾಯ ಮುರಿದು, ಸಾಲ ಮಾಡಿ ಹಾಕುತ್ತಾರೆ. ದೊಡ್ಡ ಮೊತ್ತ ತೆಗೆಯಲು ಹೋದಾಗ "ಮೊದಲು ತೆರಿಗೆ ಕಟ್ಟಿ", "ಖಾತೆ ಪರಿಶೀಲನೆಗೆ ಠೇವಣಿ ಇಡಿ" ಎಂಬ ಸಂದೇಶ. ಇರುವ ಹಣದಲ್ಲೇ ತೆರಿಗೆ ಮುರಿದುಕೊಳ್ಳಿ ಎಂದರೆ ಒಪ್ಪುವುದಿಲ್ಲ. ಮುರಿದುಕೊಳ್ಳಲು ಅಲ್ಲಿ ಹಣವೇ ಇಲ್ಲ. ನೀವು ನೋಡುತ್ತಿದ್ದುದು ಬರೀ ಅಂಕಿ.

ಇದಕ್ಕೆ ವಂಚಕರೇ ಇಟ್ಟ ಹೆಸರು "ಹಂದಿ ಕಡಿಯುವುದು", ಅಂದರೆ ಕೊಬ್ಬಿಸಿ ಕಡಿಯುವುದು. ಮೋಸ ಹೋದವರಿಗೆ ಆ ಹೆಸರೇ ಅವಮಾನ, ಅದಕ್ಕೆ ಹೆದರಿ ದೂರು ಕೊಡಲು ಬರುವುದಿಲ್ಲ ಎಂದು ಇಂಟರ್‌ಪೋಲ್ 2024ರ ಡಿಸೆಂಬರ್‌ನಲ್ಲಿ ಆ ಪದ ಬಿಡಲು ಕೋರಿತು. ಆ ಮಾತು ಸರಿ ಎನಿಸುತ್ತದೆ.

ಪರಿಶೀಲನೆ ಹೀಗೆ. ಪ್ಲಾಟ್‌ಫಾರ್ಮಿನ ವಿಳಾಸವನ್ನು ಐಕ್ಯಾನ್ ಲುಕಪ್‌ನಲ್ಲಿ ಹಾಕಿ ನೋಂದಣಿಯ ದಿನಾಂಕ ನೋಡಿ. "ಹತ್ತು ವರ್ಷದ ಸಂಸ್ಥೆ"ಯ ಜಾಲತಾಣ ಹುಟ್ಟಿ ಎರಡು ತಿಂಗಳಾಗಿದ್ದರೆ ಮುಂದೆ ನೋಡುವುದೇ ಬೇಡ. ವಿಳಾಸದ ಒಂದೊಂದೇ ಅಕ್ಷರ ಓದಿ; ಹೆಸರಾಂತ ಎಕ್ಸ್‌ಚೇಂಜ್‌ನ (ಕ್ರಿಪ್ಟೊ ಕೊಂಡು ಮಾರುವ ತಾಣ) ಹೆಸರಿಗೆ ಒಂದಕ್ಷರ ಸೇರಿಸಿದ ನಕಲಿಗಳು ಬೇಕಾದಷ್ಟಿವೆ. ನೀವಿರುವ ದೇಶದ ಷೇರು ಮಾರುಕಟ್ಟೆ ನಿಯಂತ್ರಕರ ಪಟ್ಟಿಯಲ್ಲಿ ಆ ಹೆಸರಿದೆಯೇ ನೋಡಿ. ಆ್ಯಪ್ ಅನ್ನು ಸ್ಟೋರ್‌ನಿಂದಲ್ಲದೆ ಅವರು ಕಳಿಸಿದ ಲಿಂಕ್, ಎಪಿಕೆ ಫೈಲ್ (ಆಂಡ್ರಾಯ್ಡ್ ಆ್ಯಪ್‌ನ ಫೈಲ್) ಅಥವಾ ಟೆಸ್ಟ್‌ಫ್ಲೈಟ್ (ಐಫೋನ್‌ನಲ್ಲಿ ಪರೀಕ್ಷಾ ಹಂತದ ಆ್ಯಪ್ ಹಾಕುವ ದಾರಿ) ಮೂಲಕ ಹಾಕಿಕೊಳ್ಳಲು ಹೇಳಿದರೆ ಹಾಕಿಕೊಳ್ಳಬೇಡಿ.

ಹಣವಲ್ಲದ ಕೇಳಿಕೆ. "ನನ್ನ ಹಣ ನಿನ್ನ ಖಾತೆಗೆ ಬರುತ್ತೆ, ಇವರಿಗೆ ದಾಟಿಸು." "ಒಂದು ಪಾರ್ಸೆಲ್ ಬರುತ್ತೆ, ಇಟ್ಟುಕೊ." "ಒಟಿಪಿ ಬಂದಿದ್ದರೆ ಹೇಳು." "ಸ್ಕ್ರೀನ್ ಶೇರ್ ಮಾಡು, ನಾನೇ ಸರಿ ಮಾಡಿಕೊಡ್ತೀನಿ." ಇವುಗಳಲ್ಲಿ ಮೊದಲನೆಯದು ಎಲ್ಲಕ್ಕಿಂತ ಅಪಾಯಕಾರಿ. ಬೇರೆ ಯಾರದೋ ಕದ್ದ ಹಣ ನಿಮ್ಮ ಖಾತೆ ದಾಟಿ ಹೋಗುತ್ತದೆ, ಪೊಲೀಸರು ಮೊದಲು ಬರುವುದು ನಿಮ್ಮ ಬಾಗಿಲಿಗೆ. ಗೊತ್ತಿರಲಿಲ್ಲ ಎನ್ನುವ ಮಾತು ನಡೆಯುತ್ತದೆಂಬ ಖಾತರಿ ಇಲ್ಲ.

## ಹಂತ 6: ಹಣ ಹೋಗಿದ್ದರೆ, ಇದೇ ಕ್ರಮದಲ್ಲಿ

ಮೊದಲು ಒಂದು ಮಾತು: ಗೊತ್ತಾಯಿತೆಂದು ಅವರಿಗೆ ತೋರಿಸಿಕೊಳ್ಳಬೇಡಿ. ಬೈಯುವುದು ಬೇಡ, "ಪೊಲೀಸರಿಗೆ ಹೇಳ್ತೀನಿ" ಎಂಬ ಬೆದರಿಕೆಯೂ ಬೇಡ. ತಿಳಿದ ಕ್ಷಣ ಅವರು ಪ್ರೊಫೈಲ್ ಅಳಿಸುತ್ತಾರೆ, ಖಾತೆಯಲ್ಲಿ ಉಳಿದ ಹಣ ಮುಂದಕ್ಕೆ ಸಾಗಿಸುತ್ತಾರೆ. ಉತ್ತರಿಸದೆ ಇದ್ದರೆ ಸಾಕು, ಮಲಗಿದ್ದೀರಿ ಎಂದುಕೊಳ್ಳಲಿ.

1. ಬ್ಯಾಂಕಿಗೆ ಕರೆ. ಸ್ಕ್ರೀನ್‌ಶಾಟ್‌ಗೂ ಮುಂಚೆ ಇದು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ, ಪ್ರತಿ ನಿಮಿಷಕ್ಕೂ ಬೆಲೆ ಇದೆ. ವಹಿವಾಟಿನ ನಂಬರ್, ಹೊತ್ತು, ಮೊತ್ತ ಕೈಯಲ್ಲಿಟ್ಟುಕೊಂಡು "ವಂಚನೆಯಾಗಿದೆ, ಹಣ ತಡೆಹಿಡಿಯಿರಿ, ಆ ಕಡೆಯ ಬ್ಯಾಂಕಿಗೆ ತಿಳಿಸಿ" ಎಂದು ನೇರವಾಗಿ ಹೇಳಿ. ಪ್ರೇಮಕಥೆ ಹೇಳುವ ಅಗತ್ಯವಿಲ್ಲ. ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಕಾರ್ಡ್ ಆದರೆ ಚಾರ್ಜ್‌ಬ್ಯಾಕ್, ಅಂದರೆ ಪಾವತಿ ರದ್ದುಮಾಡಿ ಹಣ ಮರಳಿಸುವುದು, ಕೇಳಿ. ಗಿಫ್ಟ್ ಕಾರ್ಡ್ ಆದರೆ ಅದನ್ನು ಹೊರಡಿಸಿದ ಕಂಪನಿಗೆ ಕಾರ್ಡ್ ಮತ್ತು ರಸೀದಿಯ ವಿವರ ಕೊಡಿ. ಬಳಸದೆ ಉಳಿದಿದ್ದರೆ ತಡೆಯಲು ಸಾಧ್ಯವಿದೆ.

2. ಕ್ರಿಪ್ಟೊ ಆಗಿದ್ದರೆ ನೀವು ಕೊಂಡ ಎಕ್ಸ್‌ಚೇಂಜ್‌ಗೆ ತಿಳಿಸಿ, ವಾಲೆಟ್ ವಿಳಾಸ (ಕ್ರಿಪ್ಟೊ ಸೇರಿದ ಖಾತೆಯ ಗುರುತು) ಮತ್ತು ಟ್ರಾನ್ಸಾಕ್ಷನ್ ಹ್ಯಾಶ್ (ಆ ವಹಿವಾಟಿನ ಗುರುತು ಸಂಖ್ಯೆ) ಉಳಿಸಿ. ಬ್ಲಾಕ್‌ಚೈನ್‌ನಲ್ಲಿ, ಅಂದರೆ ಕ್ರಿಪ್ಟೊ ವಹಿವಾಟಿನ ಲೆಕ್ಕದ ಜಾಲದಲ್ಲಿ, ಹೋದದ್ದನ್ನು ಹಿಂದಕ್ಕೆ ಕರೆಯಲಾಗದು. ಆದರೂ ಯುಎಸ್‌ಡಿಟಿಯಂಥ ಕ್ರಿಪ್ಟೊ ನಾಣ್ಯ ಹೊರಡಿಸುವ ಕಂಪನಿ ತನಿಖಾ ಸಂಸ್ಥೆಗಳ ಕೋರಿಕೆಯ ಮೇಲೆ ವಾಲೆಟ್ ಸ್ತಂಭನ ಮಾಡಿದ್ದುಂಟು. ಹ್ಯಾಶ್ ಇಲ್ಲದೆ ಆ ದಾರಿಯೂ ಮುಚ್ಚಿದಂತೆ.

3. ಸೈಬರ್ ಅಪರಾಧ ದೂರು. ಭಾರತದಲ್ಲಿ 1930 ಸಹಾಯವಾಣಿ, ಅಮೆರಿಕದಲ್ಲಿ ಎಫ್‌ಬಿಐನ ದೂರು ಕೇಂದ್ರ ಐಸಿ3, ಆಸ್ಟ್ರೇಲಿಯಾದಲ್ಲಿ ರಿಪೋರ್ಟ್‌ಸೈಬರ್. ಬೇರೆಡೆ ಇದ್ದರೆ ಪೊಲೀಸರ ಅಧಿಕೃತ ಜಾಲತಾಣದಿಂದಲೇ ನಂಬರ್ ಪಡೆಯಿರಿ. ಸರ್ಚ್‌ನಲ್ಲಿ ಮೊದಲು ಕಾಣುವ ಜಾಹೀರಾತಿನ ನಂಬರ್ ಬೇಡ.

4. ಸಾಕ್ಷ್ಯ. ಈಗ ಸಮಾಧಾನವಾಗಿ ಕೂತು ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಟೆಲಿಗ್ರಾಮ್ ಆದರೆ ಸ್ಕ್ರೀನ್ ರೆಕಾರ್ಡ್ ಹಾಕಿ ಮೇಲಿಂದ ಕೆಳಗೆ ಸರಿಸುತ್ತಾ ಹೋಗಿ. ಅವರ ನಂಬರ್, ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ಖಾತೆ ನಂಬರ್‌ಗಳು, ಜಾಲತಾಣದ ಪೂರ್ತಿ ವಿಳಾಸ ಬೇಕು. ದಿನಾಂಕ ಕಾಣದ, ಹೆಸರಿನ ಭಾಗ ಕತ್ತರಿಸಿದ ಸ್ಕ್ರೀನ್‌ಶಾಟ್ ತೆಗೆದುಕೊಂಡು ಬರುವವರೇ ಜಾಸ್ತಿ. ನಾಚಿಕೆಯಿಂದ ತಮ್ಮ ಪ್ರೇಮದ ಸಾಲುಗಳನ್ನು ಅಳಿಸಿ ತರುವವರೂ ಇದ್ದಾರೆ. ದಯವಿಟ್ಟು ಅಳಿಸಬೇಡಿ, ನಂಬಿಸಿದ ಬಗೆ ಕಾಣುವುದು ಅಲ್ಲೇ.

5. ಬೀಗ ಬದಲಿಸಿ. ಸ್ಕ್ರೀನ್ ಶೇರ್ ಮಾಡಿದ್ದರೆ, ಅವರ ಆ್ಯಪ್ ಹಾಕಿಕೊಂಡಿದ್ದರೆ, ಆ ಫೋನಿನಿಂದಲ್ಲದೆ ಬೇರೆ ಸಾಧನದಿಂದ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ.

6. ಡೇಟಿಂಗ್ ಆ್ಯಪ್‌ಗೆ ರಿಪೋರ್ಟ್, ಆಮೇಲೆ ಬ್ಲಾಕ್. ಬ್ಲಾಕ್‌ನ ಸರದಿ ಬರುವುದು ಇಲ್ಲಿಗೆ.

ಹಣ ಹೋಗಿಲ್ಲ, ಬರೀ ಅನುಮಾನ ಗಟ್ಟಿಯಾಗಿದೆ ಎಂದಾದರೆ ಈ ಪಟ್ಟಿಯ 4 ಮತ್ತು 6 ಸಾಕು.

## ಹಂತ 7: ಖಾಸಗಿ ಚಿತ್ರ ಹಿಡಿದು ಬೆದರಿಸಿದರೆ

ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ ಕೊಡುವವರು ಎಂದು ಗೊತ್ತಾಗುತ್ತದೆ, ಮರುದಿನ ಮತ್ತೆ ಬರುತ್ತಾರೆ. ಬೆದರಿಕೆಯ ಸಂದೇಶ, ಹಣ ಕೇಳಿದ ಖಾತೆ ಉಳಿಸಿಕೊಂಡು, ಮಾತು ನಿಲ್ಲಿಸಿ, ದೂರು ಕೊಡಿ. ಸಾಮಾಜಿಕ ಜಾಲತಾಣಗಳಲ್ಲಿ ನಿಮ್ಮ ಸ್ನೇಹಿತರ ಪಟ್ಟಿ ಯಾರಿಗೂ ಕಾಣದಂತೆ ಮಾಡಿ, ಏಕೆಂದರೆ ಬೆದರಿಕೆಯ ಬಂಡವಾಳ ಅದೇ ಪಟ್ಟಿ.

ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ವ್ಯವಸ್ಥೆ 2021ರಿಂದ ಇದೆ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ಅದರ ಡಿಜಿಟಲ್ ಬೆರಳಚ್ಚು (ಚಿತ್ರವನ್ನು ಗುರುತಿಸುವ ಸಂಕೇತ) ಮಾತ್ರ ಕಂಪನಿಗಳಿಗೆ ಹೋಗಿ, ಪಾಲ್ಗೊಂಡ ಜಾಲತಾಣಗಳಲ್ಲಿ ಅದೇ ಚಿತ್ರ ಬಂದರೆ ಹಿಡಿಯಲು ನೆರವಾಗುತ್ತದೆ. ಇದು 18 ದಾಟಿದವರಿಗೆ. ಅದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ತೆಗೆದ ಚಿತ್ರಗಳಿಗೆ ಟೇಕ್ ಇಟ್ ಡೌನ್ ಎಂಬ ಇಂಥದ್ದೇ ವ್ಯವಸ್ಥೆ ಇದೆ. ಬೆದರಿಕೆಗೆ ಒಳಗಾದವರು ಹುಡುಗರಾಗಿದ್ದರೆ ಆ ರಾತ್ರಿ ಒಬ್ಬರನ್ನೇ ಬಿಡಬೇಡಿ. ಕೆಲವೇ ಗಂಟೆಗಳ ಒತ್ತಡದಲ್ಲಿ ಜೀವ ಕಳೆದುಕೊಂಡ ಮಕ್ಕಳಿದ್ದಾರೆ.

## ಹಂತ 8: ಎರಡನೇ ಸಲ ಬರುವವರಿಗೆ ಸಿದ್ಧರಾಗಿರಿ

ಕೆಲವು ವಾರ ಕಳೆದು ವಕೀಲರೋ, ಹ್ಯಾಕರೋ, "ರಿಕವರಿ ಏಜೆಂಟ್" ಹೆಸರಿನವರೋ, ಪೊಲೀಸ್ ಎಂದುಕೊಂಡವರೋ ಕರೆ ಮಾಡುತ್ತಾರೆ. ಕಳೆದ ಮೊತ್ತವನ್ನು ಕರಾರುವಾಕ್ಕಾಗಿ ಹೇಳುತ್ತಾರೆ, ಅದಕ್ಕೇ ನಂಬಿಕೆ ಬರುತ್ತದೆ. ಆ ಅಂಕಿ ಅವರಿಗೆ ಹೇಗೆ ಗೊತ್ತು? ಕದ್ದವರೇ ಅವರು, ಇಲ್ಲವೇ ಕದ್ದವರಿಂದ ಪಟ್ಟಿ ಕೊಂಡವರು. ಹಣ ಮರಳಿಸಲು ಮುಂಗಡ ಶುಲ್ಕ ಕೇಳಿದರೆ ಫೋನ್ ಇಡಿ.

ಇನ್ನು ಕೆಲವರಿಗೆ ಹಳೇ ವ್ಯಕ್ತಿಯೇ ಮರಳಿ ಬಂದು "ಮೋಸ ಮಾಡಲು ಬಂದವನೇ, ಆದರೆ ನಿಜವಾಗಿ ಪ್ರೀತಿಸಿಬಿಟ್ಟೆ, ನನ್ನನ್ನೂ ಇಲ್ಲಿ ಕೂಡಿಹಾಕಿದ್ದಾರೆ" ಎನ್ನುತ್ತಾರೆ. ಕೂಡಿಹಾಕುವುದು ಕಟ್ಟುಕಥೆಯೇನಲ್ಲ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಜನ, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಬಲವಂತಕ್ಕೆ ಸಿಕ್ಕಿ ಆನ್‌ಲೈನ್ ವಂಚನೆಯ ಕೆಲಸ ಮಾಡುತ್ತಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಅಂದಾಜಿಸಿತ್ತು. ನಿಮ್ಮ ಜೊತೆ ಮಾತಾಡಿದವರು ಅವರಲ್ಲಿ ಒಬ್ಬರಾಗಿರಲೂಬಹುದು. ಹಾಗಿದ್ದರೆ ಅವರು ಹೇಳಿದ ಸ್ಥಳ, ಹೆಸರು, ನಂಬರುಗಳನ್ನು ಪೊಲೀಸರಿಗೆ ತಲುಪಿಸಿ. ಅವರ ಬಿಡುಗಡೆಗೆಂದು ನೀವು ಕಳಿಸುವ ಹಣ ಸೇರುವುದು ಕೂಡಿಹಾಕಿದವರ ಕೈಗೇ.

## ಸಿಕ್ಕಿಕೊಂಡಿರುವುದು ನಿಮ್ಮ ಮನೆಯವರಾದರೆ

"ಇಷ್ಟು ಓದಿಕೊಂಡು ಮೋಸ ಹೋದೆಯಲ್ಲ" ಎಂದರೆ ಮುಗಿಯಿತು, ಮುಂದಿನ ಮಾತು ನಿಮ್ಮ ಜೊತೆ ಆಡುವುದಿಲ್ಲ. "ನಿನ್ನ ಪ್ರೀತಿ ಕಂಡು ಹೊಟ್ಟೆಕಿಚ್ಚು ಪಡುವವರು ತಡೆಯಲು ಬರುತ್ತಾರೆ" ಎಂದು ವಂಚಕ ಮೊದಲೇ ಹೇಳಿಟ್ಟಿರುತ್ತಾನೆ. ನೀವು ಕೂಗಾಡಿದರೆ ಅವನ ಭವಿಷ್ಯ ನಿಜವಾದಂತೆ.

ವ್ಯಕ್ತಿಯ ಬಗ್ಗೆ ವಾದಕ್ಕೆ ಇಳಿಯಬೇಡಿ. ಅವರು ಒಳ್ಳೆಯವರೇ ಇರಲಿ, ಮುಂದಿನ ಸಲ ಹಣ ಕಳಿಸುವ ಮುಂಚೆ ಒಂದು ದಿನ ಮಾತ್ರ ತಡೆಯೋಣ ಎಂದು ಕೇಳಿ. ಒಂದು ದಿನ ಕಾಯಲು ಹೇಳಿದಾಗ ಆ ಕಡೆಯಿಂದ ಬರುವ ಸಿಟ್ಟು, ಅಳು, ಗಡುವು ನಿಮ್ಮ ಹತ್ತು ವಾದಕ್ಕಿಂತ ಹೆಚ್ಚು ಹೇಳುತ್ತದೆ. 1ನೇ ಹಂತದ ನೋಟ್‌ಬುಕ್ಕನ್ನು ಅವರ ಕೈಗೇ ಕೊಡಿ. ದಿನಾಂಕವನ್ನೂ ಕೇಳಿದ ಮೊತ್ತವನ್ನೂ ಅವರೇ ಬರೆಯಲಿ, ಕೊನೆಗೆ ಕೂಡಿಸುವುದೂ ಅವರೇ.